ಮೊಹರಿಲ್ಲದ ಕಾಗದ: ಜೀವಕೋಶ ವೈರಸ್ಸನ್ನು ಪತ್ತೆ ಹಚ್ಚುವ ಬಗೆ

ಆಗಸ್ಟ್ ತಿಂಗಳ ಒಂದು ಸಂಜೆ ತ್ಯಾಗರಾಜನಗರದ ಅಕ್ಕನ ಮನೆಯಲ್ಲಿ ನಾವಿಬ್ಬರೂ ಒಂದು ರಕ್ತಪರೀಕ್ಷೆಯ ವರದಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದೆವು. ಅವಳ ಮಗನಿಗೆ ಹಿಂದಿನ ದಿನದಿಂದ ಜ್ವರ, ಮೈಕೈ ನೋವು, ಕಣ್ಣಿನ ಹಿಂದೆ ಸಿಡಿತ. ವರದಿಯಲ್ಲಿ ಮುಖ್ಯವಾದ ಸಾಲುಗಳು ಮೂರೇ: ಡೆಂಗ್ಯೂ ಎನ್‌ಎಸ್‌1 ಪಾಸಿಟಿವ್, ಐಜಿಎಂ ನೆಗೆಟಿವ್, ಐಜಿಜಿ ನೆಗೆಟಿವ್. ಮೊದಲನೆಯದು ವೈರಸ್ಸಿನದೇ ಒಂದು ಪ್ರೋಟೀನು ರಕ್ತದಲ್ಲಿದೆ ಎಂದು ತಿಳಿಸುತ್ತದೆ. ಉಳಿದೆರಡು ಆ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು. ಅಕ್ಕ ಆ ಎರಡು ನೆಗೆಟಿವ್‌ಗಳ ಮೇಲೆ ಬೆರಳಿಟ್ಟು, "ಅಂದ್ರೆ ಇವನ ಮೈ ಇನ್ನೂ ಹೋರಾಡೋಕೆ ಶುರುವೇ ಮಾಡಿಲ್ವೇನೇ?" ಎಂದು ಕೇಳಿದಳು.

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೆ ಈ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆಯೆನಿಸಿತು. ರಾಜ್ಯ ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಮೇಲೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇಂಥ ವರದಿಗಳನ್ನು ಜನ ಓದಿದ್ದಾರೆ, ಪ್ಲೇಟ್‌ಲೆಟ್ ಎಣಿಕೆಯನ್ನು ಬಾಯಿಪಾಠ ಹೇಳುವಷ್ಟು ಪಳಗಿದ್ದಾರೆ. ಆದರೆ ಪ್ರತಿಕಾಯಗಳು ಕಾಣಿಸಿಕೊಳ್ಳುವ ಮುಂಚಿನ ನಾಲ್ಕೈದು ದಿನ ನಮ್ಮನ್ನು ಕಾಯುವವರು ಯಾರು ಎಂಬುದು ಆ ವರದಿಯ ಯಾವ ಸಾಲಿನಲ್ಲೂ ಇರುವುದಿಲ್ಲ. ಅದಕ್ಕೆ ಉತ್ತರ, ಸೋಂಕು ತಗುಲಿದ ಜೀವಕೋಶವೇ. ಪ್ರತಿಕಾಯಗಳನ್ನು ಹೆಣೆಯುವ ಬಿಳಿರಕ್ತಕಣಗಳಿಗೆ ಸುದ್ದಿ ತಲುಪಿ ಅವು ಸಜ್ಜಾಗುವ ಎಷ್ಟೋ ಮೊದಲೇ, ವೈರಸ್ ಹೊಕ್ಕ ಕೆಲವೇ ಗಂಟೆಗಳಲ್ಲಿ, ಆ ಜೀವಕೋಶ ತನ್ನೊಳಗೆ ಅನ್ಯವೊಂದು ಸೇರಿಕೊಂಡಿದೆ ಎಂದು ತಾನೇ ಕಂಡುಕೊಳ್ಳುತ್ತದೆ. ಹುಟ್ಟಿನಿಂದಲೇ ಬಂದಿರುವ ಈ ಏರ್ಪಾಡಿಗೆ ಸಹಜ ರೋಗನಿರೋಧಕ ವ್ಯವಸ್ಥೆ ಎಂದು ಹೆಸರು.

ಕಂಡುಕೊಳ್ಳುತ್ತದೆ ಎಂದು ಒಂದು ಮಾತಿನಲ್ಲಿ ಹೇಳಿಬಿಟ್ಟರೂ ಅದು ಸುಲಭದ ಕೆಲಸವಲ್ಲ. ಡೆಂಗ್ಯೂ ವೈರಸ್ಸಿನ ತಿರುಳು ಸುಮಾರು 11,000 ಅಕ್ಷರಗಳಷ್ಟು ಉದ್ದದ, ಅದರ ವಂಶವಾಹಿ ಮಾಹಿತಿಯನ್ನು ಹೊತ್ತ ಒಂದೇ ಒಂದು ಆರ್‌ಎನ್‌ಎ ಎಳೆ. ಅದನ್ನು ಬರೆದಿರುವ ನಾಲ್ಕು ಅಕ್ಷರಗಳು ನಮ್ಮ ಆರ್‌ಎನ್‌ಎಯಲ್ಲಿರುವ ಅವೇ ನಾಲ್ಕು ಅಕ್ಷರಗಳು. ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಲಕ್ಷಾಂತರ ಆರ್‌ಎನ್‌ಎ ಎಳೆಗಳು ಹಗಲಿರುಳು ಓಡಾಡುತ್ತಿರುತ್ತವೆ. ಆ ಸಂದಣಿಯ ನಡುವೆ ಪರಕೀಯವಾದ ಒಂದು ಎಳೆಯನ್ನು ಬೇರ್ಪಡಿಸಿ ಗುರುತಿಸಬೇಕು, ಅದೂ ಆ ವೈರಸ್ಸನ್ನು ಹಿಂದೆಂದೂ ಕಾಣದ ಜೀವಕೋಶವೊಂದು. ಒಂದೊಂದು ವೈರಸ್ಸಿಗೂ ಒಂದೊಂದು ಚಹರೆಪಟ್ಟಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ, ಏಕೆಂದರೆ ವೈರಸ್ಸುಗಳು ಲೆಕ್ಕವಿಲ್ಲದಷ್ಟಿವೆ ಮತ್ತು ವೇಗವಾಗಿ ಬದಲಾಗುತ್ತವೆ.

ಆದ್ದರಿಂದ ಜೀವಕೋಶ ಮುಖ ನೋಡುವ ಗೋಜಿಗೇ ಹೋಗುವುದಿಲ್ಲ. ಅದು ಎರಡು ಪ್ರಶ್ನೆಗಳನ್ನು ಮಾತ್ರ ಕೇಳುತ್ತದೆ. ಈ ಎಳೆ ಇರಬೇಕಾದ ಜಾಗದಲ್ಲಿದೆಯೇ? ಇದರ ಮೇಲೆ ನಮ್ಮ ಮನೆಯ ಮೊಹರು ಇದೆಯೇ? ಕಚೇರಿಯ ಗುಮಾಸ್ತರು ಕಾಗದದ ಒಕ್ಕಣೆ ಓದುವ ಮೊದಲು ಅದು ಯಾವ ಮೇಜಿಗೆ ಬಂದಿದೆ, ಅದರ ಮೇಲೆ ಮೊಹರು ಬಿದ್ದಿದೆಯೇ ಎಂದು ನೋಡುವ ಹಾಗೆ. ಇಡೀ ವಿಷಯದ ಬೀಗದಕೈ ಇದೇ ಎಂಬುದು ನನ್ನ ಅಭಿಪ್ರಾಯ. ಬಾಯಿಗೆ ಸಿಗದ ಹೆಸರುಗಳ ಪ್ರೋಟೀನುಗಳು ಮುಂದೆ ಎಷ್ಟೇ ಬಂದರೂ ಅವೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಒಂದನ್ನೇ ಕೇಳುತ್ತಿರುತ್ತವೆ.

ಜಾಗದ ಪ್ರಶ್ನೆಯಿಂದ ಹೊರಡೋಣ. ಸೊಳ್ಳೆ ಕಚ್ಚಿದಾಗ ಚರ್ಮದೊಳಗೆ ಬಿದ್ದ ವೈರಸ್ಸನ್ನು ಅಲ್ಲಿನ ಒಂದು ಜೀವಕೋಶ ಪೊರೆಯ ಚೀಲವೊಂದರಲ್ಲಿ ಸುತ್ತಿ ಒಳಗೆಳೆದುಕೊಳ್ಳುತ್ತದೆ. ಈ ಚೀಲದ ಒಳಗೋಡೆಯಲ್ಲಿ ಟಾಲ್ ಮಾದರಿಯ ಗ್ರಾಹಿಗಳು ಎಂಬ ಕಾವಲುಗಾರ ಪ್ರೋಟೀನುಗಳಿರುತ್ತವೆ. ಟಾಲ್ ಎಂಬುದು ಮೊದಲು ಹಣ್ಣುನೊಣದಲ್ಲಿ ಸಿಕ್ಕ ವಂಶವಾಹಿಯ ಹೆಸರು. ಅದು ಕೆಟ್ಟ ನೊಣಗಳು ಬೂಷ್ಟಿನ ಸೋಂಕಿಗೆ ಸುಲಭವಾಗಿ ಬಲಿಯಾಗುತ್ತವೆ ಎಂಬುದನ್ನು ಫ್ರಾನ್ಸಿನಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ 1996ರಲ್ಲಿ ತೋರಿಸಿತು. ಎರಡು ವರ್ಷಗಳ ನಂತರ ಬ್ರೂಸ್ ಬಾಯ್ಟ್ಲರ್ ಅವರ ತಂಡ ಅದೇ ಬಗೆಯ ಗ್ರಾಹಿಯೊಂದು ಇಲಿಗಳಲ್ಲಿ ಬ್ಯಾಕ್ಟೀರಿಯಾದ ಅಂಶವನ್ನು ಗುರುತಿಸುತ್ತದೆಂದು ಕಂಡಿತು. 2011ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ದೊರೆಯಿತು. ಬ್ಯಾಕ್ಟೀರಿಯಾವನ್ನು ಹುಡುಕುವ ಟಾಲ್ ಗ್ರಾಹಿಗಳು ಹೆಚ್ಚಾಗಿ ಜೀವಕೋಶದ ಹೊರಮೈಯಲ್ಲಿರುತ್ತವೆ. ಆರ್‌ಎನ್‌ಎ ಮತ್ತು ಡಿಎನ್‌ಎಗಳನ್ನು ಹುಡುಕುವ 3, 7, 8 ಮತ್ತು 9ನೆಯ ಗ್ರಾಹಿಗಳು ಚೀಲದೊಳಗೇ ಅಡಗಿರುತ್ತವೆ. ಈ ಏರ್ಪಾಡಿನ ಜಾಣತನವನ್ನು ಗಮನಿಸಬೇಕು. ಜೀವಕೋಶದ ಹೊರಗೆ ತೇಲುವ ನಮ್ಮದೇ ಆರ್‌ಎನ್‌ಎ ಚೂರುಗಳನ್ನು ರಕ್ತದಲ್ಲಿನ ಕಿಣ್ವಗಳು ಕತ್ತರಿಸಿ ಹಾಕುತ್ತವೆ, ಹಾಗಾಗಿ ಚೀಲದವರೆಗೆ ಇಡಿಯಾಗಿ ಬಂದು ತಲುಪುವ ಆರ್‌ಎನ್‌ಎ ಸಾಮಾನ್ಯವಾಗಿ ಪ್ರೋಟೀನಿನ ಕವಚ ತೊಟ್ಟು ಬಂದದ್ದೇ ಆಗಿರುತ್ತದೆ. ಅಂಥ ಕವಚ ವೈರಸ್ಸಿಗಿದೆ.

ಮೊಹರಿನ ಪ್ರಶ್ನೆ ಇದಕ್ಕಿಂತ ಸೊಗಸಾದದ್ದು. ವೈರಸ್ ಚೀಲದಿಂದ ಪಾರಾಗಿ ಕೋಶರಸಕ್ಕೆ, ಎಂದರೆ ಕೋಶಕೇಂದ್ರದ ಸುತ್ತ ತುಂಬಿರುವ ದ್ರವಕ್ಕೆ, ಇಳಿದ ಮೇಲೆ ಅಲ್ಲಿ ಆರ್‌ಎನ್‌ಎ ಇರುವುದೇ ತಪ್ಪು ಎನ್ನುವಂತಿಲ್ಲ, ಏಕೆಂದರೆ ಅದು ನಮ್ಮ ಆರ್‌ಎನ್‌ಎ ಕೆಲಸ ಮಾಡುವ ಜಾಗವೂ ಹೌದು. ಆದರೆ ನಮ್ಮ ಸಂದೇಶವಾಹಕ ಆರ್‌ಎನ್‌ಎ ಹುಟ್ಟುವುದು ಕೋಶಕೇಂದ್ರದಲ್ಲಿ. ಹುಟ್ಟಿದ ಕ್ಷಣದಲ್ಲಿ ಅದರ ತುದಿಯಲ್ಲಿ ಮೂರು ಫಾಸ್ಫೇಟುಗಳು ಸಾಲಾಗಿ ಚಾಚಿಕೊಂಡಿರುತ್ತವೆ. ಹೊರಗೆ ಕಾಲಿಡುವ ಮೊದಲೇ ಆ ತುದಿಗೆ ತಲೆಕೆಳಗಾದ ಗ್ವಾನೊಸಿನ್ ಒಂದರ ಟೊಪ್ಪಿಗೆ ತೊಡಿಸಿ, ಅದರ ಮೇಲೂ ಪಕ್ಕದ ಅಕ್ಷರದ ಮೇಲೂ ಮೀಥೈಲ್ ಎಂಬ ಪುಟ್ಟ ಗುರುತನ್ನು ಒತ್ತಲಾಗುತ್ತದೆ. ಮೊಹರು ಎಂದು ನಾನು ಕರೆದದ್ದು ಇದನ್ನೇ. ಕೋಶರಸದಲ್ಲಿ ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ವೈರಸ್ಸಿನ ಎಳೆಗಳಿಗೆ ಕೋಶಕೇಂದ್ರದ ಈ ಸಂಸ್ಕಾರ ತಾನಾಗಿ ಸಿಗುವುದಿಲ್ಲ. ಅವುಗಳ ಬೆತ್ತಲೆ ತುದಿಯ ಮೂರು ಫಾಸ್ಫೇಟುಗಳನ್ನು ತಡವಿ ನೋಡುವ ಪ್ರೋಟೀನಿನ ಹೆಸರು ರಿಗ್-ಐ. ವೈರಸ್ಸಿನ ಆರ್‌ಎನ್‌ಎಯನ್ನು ಅದು ಗುರುತಿಸುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2004ರಲ್ಲಿ ತಿಳಿಸಿದರು. ಅದು ಹಿಡಿಯುವುದು ಮೂರು ಫಾಸ್ಫೇಟುಗಳ ಆ ತುದಿಯನ್ನೇ ಎಂಬುದು 2006ರಲ್ಲಿ ಖಚಿತವಾಯಿತು. ಒಂದು ಅಣುವಿನ ತುದಿಯಲ್ಲಿರುವ ಕೆಲವೇ ಪರಮಾಣುಗಳ ವ್ಯತ್ಯಾಸದಿಂದ ತನ್ನದು ಯಾವುದು, ಪರರದು ಯಾವುದು ಎಂದು ತೀರ್ಮಾನವಾಗುವುದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ಪ್ರತಿ ಸಲವೂ ಅಚ್ಚರಿಪಡುತ್ತೇನೆ.

ರಿಗ್-ಐಯ ಜೊತೆಗಾರ ಎಂಡಿಎ-5 ಎಂಬ ಪ್ರೋಟೀನು ಉದ್ದವಾದ ಜೋಡಿ ಎಳೆಯ ಆರ್‌ಎನ್‌ಎಯನ್ನು ಹುಡುಕುತ್ತದೆ. ಒಂಟಿ ಎಳೆಯ ವೈರಸ್ ತನ್ನ ನಕಲು ತೆಗೆಯುವಾಗ ಮೂಲ ಎಳೆಗೆ ಎದುರಾಗಿ ಇನ್ನೊಂದು ಎಳೆಯನ್ನು ಹೊಸೆಯಲೇಬೇಕು, ಅಷ್ಟು ಹೊತ್ತು ಅವೆರಡೂ ಜಡೆಯಂತೆ ಹೆಣೆದುಕೊಂಡಿರುತ್ತವೆ. ಆರೋಗ್ಯವಂತ ಜೀವಕೋಶದಲ್ಲಿ ಅಷ್ಟು ಉದ್ದದ ಜಡೆ ಕಾಣಸಿಗುವುದು ಅಪರೂಪ. ನಮ್ಮ ಆರ್‌ಎನ್‌ಎ ಅಲ್ಲಲ್ಲಿ ಹಾಗೆ ಸುತ್ತಿಕೊಂಡರೆ ಅಡಾರ್-1 ಎಂಬ ಕಿಣ್ವ ಅದರ ಕೆಲವು ಅಕ್ಷರಗಳನ್ನು ತಿದ್ದಿ ಹೆಣಿಗೆಯನ್ನು ಸಡಿಲಿಸುತ್ತದೆ. ಈ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಲ್ಲಿ ಜೀವಕೋಶಗಳು ತಮ್ಮದೇ ಆರ್‌ಎನ್‌ಎಯನ್ನು ವೈರಸ್ಸೆಂದು ಬಗೆದು ಸದಾಕಾಲ ಕಾದಾಡುತ್ತಿರುತ್ತವೆ; ಮಿದುಳಿಗೆ ಹಾನಿ ಮಾಡುವ ಐಕಾರ್ಡಿ-ಗೂಟಿಯೆರ್ ಎಂಬ ಅಪರೂಪದ ಕಾಯಿಲೆಯ ಕಾರಣಗಳಲ್ಲಿ ಇದೂ ಒಂದು. ಪತ್ತೆ ಹಚ್ಚುವ ಚುರುಕುತನ ಎಷ್ಟು ಅಗತ್ಯವೋ ಅದಕ್ಕೆ ಕಡಿವಾಣವೂ ಅಷ್ಟೇ ಅಗತ್ಯ.

ರಿಗ್-ಐ ಆಗಲಿ ಎಂಡಿಎ-5 ಆಗಲಿ ತಾವು ಕಂಡದ್ದನ್ನು ಮ್ಯಾವ್ಸ್ ಎಂಬ ಪ್ರೋಟೀನಿಗೆ ಮುಟ್ಟಿಸುತ್ತವೆ. 2005ರಲ್ಲಿ ನಾಲ್ಕು ತಂಡಗಳು ಬೇರೆಬೇರೆಯಾಗಿ ಇದನ್ನು ಕಂಡುಹಿಡಿದು ನಾಲ್ಕು ಹೆಸರು ಇಟ್ಟದ್ದರಿಂದ ಹಳೆಯ ಲೇಖನಗಳನ್ನು ಓದುವ ವಿದ್ಯಾರ್ಥಿಗಳು ಇಂದಿಗೂ ಗಲಿಬಿಲಿಗೊಳ್ಳುತ್ತಾರೆ. ಮ್ಯಾವ್ಸ್ ಇರುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಹೊರಪೊರೆಯ ಮೇಲೆ. ಸುದ್ದಿ ಮುಟ್ಟಿದ ಮ್ಯಾವ್ಸ್ ತನ್ನ ಆಕಾರ ಬದಲಿಸುತ್ತದೆ, ಪಕ್ಕದ ಮ್ಯಾವ್ಸ್ ಅನ್ನೂ ತನ್ನ ಆಕಾರಕ್ಕೆ ತಿರುಗಿಸುತ್ತದೆ, ಅದು ಅದರ ಪಕ್ಕದ್ದನ್ನು; ಹೀಗೆ ನೋಡನೋಡುತ್ತಿದ್ದಂತೆ ಉದ್ದನೆಯ ಸರಪಳಿ ಕಟ್ಟಿಕೊಳ್ಳುತ್ತದೆ. ಬೆರಳೆಣಿಕೆಯ ವೈರಸ್ ಎಳೆಗಳು ಸಿಕ್ಕರೂ ಇಡೀ ಜೀವಕೋಶ ಎಚ್ಚರಗೊಳ್ಳುವುದು ಈ ಸರಪಳಿಯಿಂದ. ಅದರ ಮೇಲೆ ಜಮಾಯಿಸಿದ ಕಿಣ್ವಗಳು ಐಆರ್‌ಎಫ್-3 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ, ಅದು ಕೋಶಕೇಂದ್ರದೊಳಗೆ ನಡೆದು, ಅಕ್ಕಪಕ್ಕದ ಜೀವಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನಿನ ವಂಶವಾಹಿಯನ್ನು ತೆರೆಯುತ್ತದೆ.

ಇನ್ನು ಡಿಎನ್‌ಎಯ ವಿಷಯ. ನಮ್ಮ ಡಿಎನ್‌ಎ ಕೋಶಕೇಂದ್ರದೊಳಗೆ ಪ್ರೋಟೀನುಗಳಿಗೆ ಸುತ್ತಿಕೊಂಡು ಭದ್ರವಾಗಿರುತ್ತದೆ, ಮೈಟೊಕಾಂಡ್ರಿಯಾದೊಳಗೂ ಸ್ವಲ್ಪ ಇರುತ್ತದೆ. ಕೋಶರಸದಲ್ಲಿ ಅದು ಕಾಣಿಸಿತೆಂದರೆ ಹರ್ಪಿಸ್ ಅಥವಾ ಸಿಡುಬಿನ ಜಾತಿಯ ವೈರಸ್ ನುಗ್ಗಿರಬೇಕು, ಇಲ್ಲವೇ ಮನೆಯದೇ ಗೋಡೆ ಒಡೆದಿರಬೇಕು. ಹಾಗೆ ಹೊರಬಿದ್ದ ಡಿಎನ್‌ಎಯನ್ನು ಹಿಡಿಯುವ ಸಿ-ಗ್ಯಾಸ್ ಎಂಬ ಕಿಣ್ವವನ್ನು ಅಮೆರಿಕದ ಡಲ್ಲಾಸ್‌ನಲ್ಲಿ ಝಿಜಿಯಾನ್ ಚೆನ್ ಅವರ ತಂಡ ಕಂಡುಹಿಡಿದು 2013ರ ಹೊತ್ತಿಗೆ ಪ್ರಕಟಿಸಿತು. ಡಿಎನ್‌ಎ ಸಿಕ್ಕ ಕೂಡಲೇ ಸಿ-ಗ್ಯಾಸ್ ಒಂದು ಪುಟ್ಟ ಉಂಗುರಾಕಾರದ ಅಣುವನ್ನು ತಯಾರಿಸುತ್ತದೆ. ಆ ಅಣು ಸ್ಟಿಂಗ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಸ್ಟಿಂಗ್ ಕೊನೆಗೆ ಅದೇ ಐಆರ್‌ಎಫ್-3ರ ಬಾಗಿಲು ತಟ್ಟುತ್ತದೆ. ತನ್ನೊಳಗೆ ನುಗ್ಗುವ ವೈರಸ್ಸುಗಳನ್ನು ಎದುರಿಸಲು ಬ್ಯಾಕ್ಟೀರಿಯಾ ಕೂಡ ಇಂಥದೇ ಕಿಣ್ವವನ್ನೂ ಉಂಗುರದ ಅಣುವನ್ನೂ ಬಳಸುತ್ತದೆ ಎಂಬುದು ಈಚೆಗೆ ತಿಳಿದಿದೆ. ಅಕ್ಕನ ಮಗನ ಮೈಯಲ್ಲಿ ಆ ಸಂಜೆ ನಡೆಯುತ್ತಿದ್ದ ಕೆಲಸದ ಮೂಲ ಅಷ್ಟು ಹಿಂದಕ್ಕೆ ಹೋಗುತ್ತದೆ.

ಡೆಂಗ್ಯೂವಿನಲ್ಲಿ ಡಿಎನ್‌ಎಯೇ ಇಲ್ಲವಲ್ಲ, ಅದಕ್ಕೂ ಸಿ-ಗ್ಯಾಸ್‌ಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸೋಂಕಿನಿಂದ ಜರ್ಜರಿತವಾದ ಮೈಟೊಕಾಂಡ್ರಿಯಾದಿಂದ ನಮ್ಮದೇ ಡಿಎನ್‌ಎ ಕೋಶರಸಕ್ಕೆ ಸೋರುತ್ತದೆ, ಇರಬಾರದ ಜಾಗದಲ್ಲಿ ಅದನ್ನು ಕಂಡ ಸಿ-ಗ್ಯಾಸ್ ಕೂಗೆಬ್ಬಿಸುತ್ತದೆ. ಇದು ಡೆಂಗ್ಯೂವಿಗೆ ಎಷ್ಟು ತೊಡಕೆಂಬುದು ಅದು ಮಾಡಿಕೊಂಡಿರುವ ತಯಾರಿಯಿಂದಲೇ ಗೊತ್ತಾಗುತ್ತದೆ: ಅದರ ಒಂದು ಪ್ರೋಟೀನು ಸಿ-ಗ್ಯಾಸ್ ಅನ್ನು ನಾಶಕ್ಕೆ ದೂಡುತ್ತದೆ, ಕತ್ತರಿಯಂತೆ ಕೆಲಸ ಮಾಡುವ ಕಿಣ್ವವೊಂದು ಸ್ಟಿಂಗ್ ಅನ್ನು ತುಂಡರಿಸುತ್ತದೆ. ಆ ಕತ್ತರಿಗೆ ಮನುಷ್ಯರ ಸ್ಟಿಂಗ್ ಸಿಗುತ್ತದೆ, ಇಲಿಗಳ ಸ್ಟಿಂಗ್ ಸಿಗುವುದಿಲ್ಲ. ಪ್ರಯೋಗಾಲಯದ ಸಾಧಾರಣ ಇಲಿಗಳಿಗೆ ಡೆಂಗ್ಯೂ ಅಂಟಿಸುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ, ಹಾಗಾಗಿ ಸಂಶೋಧಕರು ಇಂಟರ್‌ಫೆರಾನ್ ಗ್ರಾಹಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಬಳಸಬೇಕಾಗುತ್ತದೆ.

ಈ ಎಲ್ಲ ದಾರಿಗಳೂ ಬಂದು ಸೇರುವ ಇಂಟರ್‌ಫೆರಾನ್ ಪತ್ತೆಯಾದದ್ದು 1957ರಲ್ಲಿ, ಲಂಡನ್ನಿನಲ್ಲಿ. ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಅವರು ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯೊಳಗಿನ ಪೊರೆಯ ತುಂಡುಗಳೊಂದಿಗೆ ಇರಿಸಿ, ನಂತರ ಆ ದ್ರವವನ್ನಷ್ಟೇ ತೆಗೆದು ಹೊಸ ಪೊರೆಗೆ ಹಾಕಿದರು. ಹೊಸ ಪೊರೆಯಲ್ಲಿ ಜೀವಂತ ವೈರಸ್ ಸರಿಯಾಗಿ ಬೆಳೆಯಲಿಲ್ಲ. ಮೊದಲ ಪೊರೆ ಯಾವುದೋ ವಸ್ತುವನ್ನು ದ್ರವಕ್ಕೆ ಬಿಟ್ಟಿತ್ತು, ಆ ವಸ್ತುವೇ ಇಂಟರ್‌ಫೆರಾನ್. ಜಪಾನಿನಲ್ಲಿ ನಗಾನೊ ಮತ್ತು ಕೊಜಿಮಾ ಅವರು ಇಂಥ ಒಂದು ಅಂಶವನ್ನು 1954ರಲ್ಲೇ ವರದಿ ಮಾಡಿದ್ದರೂ ಹೆಸರು ಉಳಿದದ್ದು ಲಂಡನ್ನಿನದು. ಕನ್ನಡಿಗಳಾಗಿ ನನಗೆ ಆ ವರ್ಷ ಇನ್ನೊಂದು ಕಾರಣಕ್ಕೂ ನೆನಪಿರುತ್ತದೆ: ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಡೆಂಗ್ಯೂವಿನ ಕುಟುಂಬಕ್ಕೇ ಸೇರಿದ ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದೂ 1957ರಲ್ಲೇ.

ಇಂಟರ್‌ಫೆರಾನ್ ಮಾಡುವ ಕೆಲಸ ತಿಳಿಯಲು ನಮ್ಮ ಬೀದಿಯನ್ನೇ ನೋಡಬಹುದು. ಒಂದು ಮನೆಯಲ್ಲಿ ಡೆಂಗ್ಯೂ ಎಂದು ಗೊತ್ತಾದ ಕೂಡಲೇ ಸಾಲಿನ ಉಳಿದ ಮನೆಯವರು ಸಂಪಿನ ಮುಚ್ಚಳ ಭದ್ರಪಡಿಸುತ್ತಾರೆ, ಡ್ರಮ್ಮಿಗೆ ಬಟ್ಟೆ ಕಟ್ಟುತ್ತಾರೆ, ಹೂಕುಂಡದ ತಟ್ಟೆಯ ನೀರು ಚೆಲ್ಲುತ್ತಾರೆ. ಅವರ ಮನೆಗೆ ಕಾಯಿಲೆ ಇನ್ನೂ ಬಂದಿಲ್ಲ, ಬರಬಾರದೆಂದೇ ಆ ತಯಾರಿ. ಸೋಂಕಿತ ಜೀವಕೋಶ ಹೊರಬಿಟ್ಟ ಇಂಟರ್‌ಫೆರಾನ್ ಅಕ್ಕಪಕ್ಕದ ಜೀವಕೋಶಗಳ ಗ್ರಾಹಿಗೆ ತಾಗಿದಾಗ ಸ್ಟ್ಯಾಟ್-1, ಸ್ಟ್ಯಾಟ್-2 ಎಂಬ ಪ್ರೋಟೀನುಗಳು ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗಿ ನೂರಾರು ವಂಶವಾಹಿಗಳನ್ನು ಚಾಲೂ ಮಾಡುತ್ತವೆ. ಅವುಗಳಲ್ಲೊಂದು ವೈರಸ್ಸಿನ ಪೊರೆ ನಮ್ಮ ಪೊರೆಯೊಡನೆ ಬೆಸೆದುಕೊಳ್ಳದಂತೆ ತಡೆಯುತ್ತದೆ, ಇನ್ನೊಂದು ಮೀಥೈಲ್ ಗುರುತಿಲ್ಲದ ಆರ್‌ಎನ್‌ಎಯನ್ನು ಹಿಡಿದು ಕೂರುತ್ತದೆ. ಎಲ್ಲಕ್ಕಿಂತ ಕಠಿಣವಾದವು ಎರಡು: ಪಿಕೆಆರ್ ಮತ್ತು ಆರ್‌ಎನ್‌ಏಸ್-ಎಲ್. ಇವು ಮುಂಚಿತವಾಗಿ ಸಜ್ಜಾಗಿ ಕಾಯುತ್ತವೆ. ಜೋಡಿ ಎಳೆಯ ಆರ್‌ಎನ್‌ಎ ಒಳಗೆ ಕಾಣಿಸಿದೊಡನೆ ಪಿಕೆಆರ್ ಇಡೀ ಜೀವಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ, ಆರ್‌ಎನ್‌ಏಸ್-ಎಲ್ ತನ್ನದು ಪರರದು ಎನ್ನದೆ ಆರ್‌ಎನ್‌ಎಯನ್ನು ಕತ್ತರಿಸಿ ಚೆಲ್ಲುತ್ತದೆ. ವೈರಸ್ಸಿಗೆ ಸ್ವಂತ ಅಡುಗೆಮನೆ ಇಲ್ಲ, ಅದು ಬೇಯಿಸಿಕೊಳ್ಳುವುದು ನಮ್ಮ ಒಲೆಯ ಮೇಲೆ. ಹಾಗಾಗಿ ಜೀವಕೋಶ ತನ್ನ ಒಲೆಯನ್ನೇ ಆರಿಸಿ ತಾನೂ ಉಪವಾಸ ಬೀಳುತ್ತದೆ. ಎಷ್ಟೋ ಸಲ ಆ ಜೀವಕೋಶ ಉಳಿಯುವುದೂ ಇಲ್ಲ.

ಅಕ್ಕನಿಗೆ ನಾನು ಹೇಳಿದ ಉತ್ತರ ಇಲ್ಲಿಂದಲೇ ಹುಟ್ಟಿದ್ದು. ಹುಡುಗನ ಮೈ ಕಾದದ್ದು, ಕೀಲುಕೀಲು ನೊಂದದ್ದು, ಊಟ ಬೇಡವೆಂದು ಮುದುರಿ ಮಲಗಿದ್ದು ಬಹುಮಟ್ಟಿಗೆ ಅವನ ಜೀವಕೋಶಗಳದೇ ಕೆಲಸ. ಇದಕ್ಕೆ ಒಳ್ಳೆಯ ಪುರಾವೆಯೂ ಇದೆ. ಹೆಪಟೈಟಿಸ್-ಸಿ ಕಾಯಿಲೆಗೆ ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದ ಕಾಲದಲ್ಲಿ, ಚುಚ್ಚಿಸಿಕೊಂಡವರಿಗೆ ಯಾವ ಹೊಸ ಸೋಂಕೂ ಇಲ್ಲದೆ ಫ್ಲೂ ಬಂದಂತೆಯೇ ಜ್ವರ, ಚಳಿ, ಮೈನೋವು, ಆಯಾಸ ಕಾಣಿಸಿಕೊಳ್ಳುತ್ತಿದ್ದವು. ಇಂಟರ್‌ಫೆರಾನ್ ಜೊತೆಗೆ ಬಿಡುಗಡೆಯಾಗುವ ಇತರ ಸಂಕೇತಗಳು ಮಿದುಳಿನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ಮೂಲಕ ಮೈಯ ಶಾಖದ ಮಟ್ಟವನ್ನು ಏರಿಸುತ್ತವೆ. ಪ್ಯಾರಾಸಿಟಮಾಲ್ ಆ ವಸ್ತುವನ್ನು ತಗ್ಗಿಸುತ್ತದೆಯೇ ಹೊರತು ವೈರಸ್ಸನ್ನು ಮುಟ್ಟುವುದಿಲ್ಲ. ಡೆಂಗ್ಯೂ ಶಂಕೆ ಇರುವಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ವೈದ್ಯರು ಬೇಡವೆನ್ನುವುದು ರಕ್ತಸ್ರಾವದ ಅಪಾಯಕ್ಕಾಗಿ, ಅದನ್ನು ಎಲ್ಲರೂ ನೆನಪಿಡಬೇಕು.

ಇಷ್ಟೆಲ್ಲ ಕಾವಲಿದ್ದರೂ ಕಾಯಿಲೆ ಬರುತ್ತದಲ್ಲ ಎಂದರೆ, ವೈರಸ್ಸುಗಳು ಈ ಕಾವಲಿನ ನಡುವೆಯೇ ಬೆಳೆದು ಬಂದವು. ಡೆಂಗ್ಯೂ ತನ್ನ ನಕಲು ಕೆಲಸವನ್ನು ಜೀವಕೋಶದ ಪೊರೆಗಳನ್ನೇ ಮಡಚಿ ಮಾಡಿಕೊಂಡ ಪುಟ್ಟ ಗೂಡುಗಳೊಳಗೆ ನಡೆಸುತ್ತದೆ, ಜೋಡಿ ಎಳೆ ಹೊರಗೆ ಕಾಣದಿರಲೆಂದು. ಅದರ ಎನ್‌ಎಸ್‌5 ಎಂಬ ಪ್ರೋಟೀನು ವೈರಸ್ಸಿನ ಎಳೆಗೆ ನಮ್ಮದರಂಥದೇ ಟೊಪ್ಪಿಗೆ ತೊಡಿಸಿ ಮೀಥೈಲ್ ಗುರುತು ಒತ್ತುತ್ತದೆ. ಹೇಳಬೇಕೆಂದರೆ ಅದು ಖೋಟಾ ಮೊಹರು. ಅದೇ ಎನ್‌ಎಸ್‌5 ಸ್ಟ್ಯಾಟ್-2 ಅನ್ನು ಹಿಡಿದು ನಾಶಕ್ಕೆ ತಳ್ಳುತ್ತದೆ, ಹೀಗಾಗಿ ಸೋಂಕಿತ ಜೀವಕೋಶ ಇಂಟರ್‌ಫೆರಾನ್‌ನ ಕೂಗು ಕೇಳಿಸಿಕೊಳ್ಳದಂತಾಗುತ್ತದೆ. ಸುತ್ತಲಿನ ಸೋಂಕಿಲ್ಲದ ಜೀವಕೋಶಗಳಿಗೆ ಮಾತ್ರ ಅದು ಕೇಳಿಸುತ್ತಿರುತ್ತದೆ, ಬಹುಪಾಲು ಜನ ಗುಣಮುಖರಾಗುವುದರಲ್ಲಿ ಆ ಜೀವಕೋಶಗಳ ಪಾಲು ದೊಡ್ಡದು.

ಕಾವಲು ನಿಜಕ್ಕೂ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಕೋವಿಡ್ ಕಾಲ ಬಹಳ ನೋವಿನಿಂದ ತೋರಿಸಿತು. ತೀವ್ರ ಕೋವಿಡ್‌ಗೆ ಒಳಗಾದ 987 ಮಂದಿಯ ರಕ್ತವನ್ನು ಪರಿಶೀಲಿಸಿದ 2020ರ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಅವರಲ್ಲಿ ಸುಮಾರು ಶೇ 10ರಷ್ಟು ಜನರಿಗೆ ತಮ್ಮದೇ ಇಂಟರ್‌ಫೆರಾನನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳಿದ್ದವು. ಸೋಂಕು ಸೌಮ್ಯವಾಗಿದ್ದವರ ಗುಂಪಿನಲ್ಲಿ ಅಂಥವು ಕಾಣಲಿಲ್ಲ. ಅದೇ ಸಾಂಕ್ರಾಮಿಕದ ವಿರುದ್ಧ ಬಂದ ಆರ್‌ಎನ್‌ಎ ಲಸಿಕೆಯೂ ಈ ಮೊಹರಿನ ತಿಳಿವಳಿಕೆಗೆ ಋಣಿ. ಪ್ರಯೋಗಾಲಯದಲ್ಲಿ ತಯಾರಿಸಿದ ಆರ್‌ಎನ್‌ಎಯನ್ನು ಜೀವಕೋಶಕ್ಕೆ ಕೊಟ್ಟರೆ ಅದು ವೈರಸ್ ಬಂತೆಂದು ಸಿಡಿದೇಳುತ್ತಿತ್ತು. ಅದರ ಯುರಿಡಿನ್ ಅಕ್ಷರದ ಜಾಗದಲ್ಲಿ ನಮ್ಮ ಆರ್‌ಎನ್‌ಎಯಲ್ಲಿ ಸಹಜವಾಗಿ ಸಿಗುವ ಸ್ಯೂಡೊಯುರಿಡಿನ್ ಎಂಬ ಬದಲಿ ಅಕ್ಷರವನ್ನಿಟ್ಟರೆ ಟಾಲ್ ಗ್ರಾಹಿಗಳು ಸುಮ್ಮನಾಗುತ್ತವೆ ಎಂದು ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರು 2005ರ ಸುಮಾರಿಗೆ ತೋರಿಸಿಕೊಟ್ಟರು. 2023ರ ನೊಬೆಲ್ ಅವರಿಗೆ ಸಂದದ್ದು ಈ ಕೆಲಸಕ್ಕೆ.

"ಹಾಗಾದ್ರೆ ಆ ಇಂಟರ್‌ಫೆರಾನನ್ನೇ ಚುಚ್ಚಿಬಿಡಬಾರದಾ?" ಎಂಬುದು ಅಕ್ಕನ ಮುಂದಿನ ಪ್ರಶ್ನೆ. ಡೆಂಗ್ಯೂವಿಗೆ ಅಂಥ ಚಿಕಿತ್ಸೆ ಬಳಕೆಯಲ್ಲಿಲ್ಲ. ಕೋವಿಡ್‌ನಲ್ಲಿ ನಡೆದ ಪ್ರಯೋಗಗಳು ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ ಎಂದು ಕಲಿಸಿದವು. ಆಸ್ಪತ್ರೆ ಸೇರಿದ ಮೇಲೆ ಇಂಟರ್‌ಫೆರಾನ್ ಕೊಟ್ಟಾಗ ಪ್ರಯೋಜನ ಕಾಣಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗ ತಿಳಿಸಿತು. ರೋಗಲಕ್ಷಣ ಆರಂಭವಾದ ಒಂದು ವಾರದೊಳಗೆ ಲ್ಯಾಮ್ಡಾ ಬಗೆಯ ಇಂಟರ್‌ಫೆರಾನನ್ನು ಒಂದೇ ಸಲ ಚುಚ್ಚಿದ, ಬ್ರೆಜಿಲ್ ಮತ್ತು ಕೆನಡಾದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಸ್ಪತ್ರೆಯ ಆರೈಕೆ ಬೇಕಾದವರ ಪ್ರಮಾಣ ಶೇ 5.6ರಿಂದ ಶೇ 2.7ಕ್ಕೆ ಇಳಿಯಿತು. ಜೀವಕೋಶ ತಾನಾಗಿ ಕೂಗಬೇಕಾದ ಹೊತ್ತಿನಲ್ಲಿ ಕೂಗಿದರೆ ಅದು ಎಚ್ಚರಿಕೆ. ವೈರಸ್ ಎಲ್ಲೆಡೆ ಹರಡಿ ಉರಿಯೂತ ಏರಿದ ಮೇಲೆ ಅದೇ ಕೂಗು ಬೆಂಕಿಗೆ ತುಪ್ಪವಾಗಬಹುದು. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತೇ ರಕ್ತನಾಳಗಳಿಂದ ದ್ರವ ಸೋರುವ ಅಪಾಯದ ಹೊತ್ತು, ಜ್ವರ ಬಿಟ್ಟಿತೆಂದು ನಿಶ್ಚಿಂತರಾಗಬಾರದು ಎಂದು ವೈದ್ಯರು ಮತ್ತೆಮತ್ತೆ ಹೇಳುವುದು ಅದಕ್ಕೇ.

ನಮ್ಮ ಹುಡುಗನಿಗೆ ಜ್ವರ ಇಳಿದದ್ದು ಐದನೆಯ ದಿನ. ಆಮೇಲಿನ ಎರಡು ದಿನ ಅಕ್ಕ ಅವನಿಗೆ ಗಂಜಿ, ಎಳನೀರು, ಓಆರ್‌ಎಸ್ ಕುಡಿಸುತ್ತಾ, ಹೊಟ್ಟೆನೋವು ಬಂದೀತೇ, ವಸಡಿನಲ್ಲಿ ರಕ್ತ ಕಂಡೀತೇ ಎಂದು ನೋಡಿಕೊಂಡಳು. ಏಳನೆಯ ದಿನ ಬಂದ ವರದಿಯಲ್ಲಿ ಐಜಿಎಂ ಪಾಸಿಟಿವ್ ಎಂದಿತ್ತು.